ಶಿವರಾತ್ರಿಯಿಂದ ಉಗಾದಿಯ ತನಕ

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೆ ವಸಂತವೇ ಇಲ್ಲ, ಚಳಿ ಹೋದೊಡನೆ ಬಿಸಿಲೇ ಎನ್ನುವವರು ಶಿವರಾತ್ರಿ ಕಳೆದ ಮೇಲೆ ರಾಯಚೂರಿನ ಯಾವುದಾದರೂ ಹಿತ್ತಲಲ್ಲಿ ಒಂದು ಮುಂಜಾನೆ ಕೂತು ನೋಡಬೇಕು. ಆ ಹೊತ್ತಿಗೆ ಎರೆಹೊಲ ಬಿರುಕು ಬಿಟ್ಟಿರುತ್ತದೆ, ಮಳೆ ಬಿದ್ದು ತಿಂಗಳುಗಳಾಗಿರುತ್ತವೆ. ಆದರೂ ಬೇವು ಹಳೆ ಎಲೆ ಉದುರಿಸಿ ತಾಮ್ರಬಣ್ಣದ ಚಿಗುರು ತಳೆಯುತ್ತದೆ, ಬೆನ್ನಿಗೇ ಹೂ ಬಿಡುತ್ತದೆ. ಮೇಲ್ಮಣ್ಣು ಒಣಗಿದರೂ ಬೇರು ಆಳದ ತೇವವನ್ನು ಹಿಡಿದಿರುತ್ತದೆ. ನೆಲದೊಳಗಿಂದ ಏರಿ ಬರುವ ಈ ವಸಂತದ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ.

ಅದು ಮೊದಲು ಬರುವುದು ನಾಲಿಗೆಗೆ. ಹುಣಸೆ ಚಿಗುರಿದ ಸುದ್ದಿಯನ್ನು ಓಣಿಯಲ್ಲಿ ಯಾರೂ ಸಾರಬೇಕಿಲ್ಲ. ಪಕ್ಕದ ಮನೆಯ ಅತ್ತಿ ಕಾಂಪೌಂಡಿನಾಚೆಯಿಂದ, “ಯವ್ವಾ, ಇವತ್ತೇ ಹರಕೊಂಡು ಹೋಗು, ನಾಳಿಗಿ ನಾರಾಗ್ತದ” ಎಂದು ಕರೆಯುತ್ತಾರೆ. ಆ ಎಳೆ ಚಿಗುರನ್ನು ಅಂಗೈಯಲ್ಲಿ ತಿಕ್ಕಿ ಕಡ್ಡಿ ಬಿಡಿಸಿ, ತೊಗರಿಬೇಳೆಯೊಂದಿಗೆ ಬೇಯಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ, ಬಿಸಿ ಜೋಳದ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಹುಣಸೆಹಣ್ಣಿನ ಹುಳಿ ಹಲ್ಲು ಜುಮ್ಮೆನ್ನಿಸುತ್ತದೆ; ಚಿಗುರಿನ ಹುಳಿ ಮೆತ್ತಗಿನದು, ಹಸಿರು ವಾಸನೆಯದು.

ದೇವದುರ್ಗದ ಕಡೆ ಇದೇ ದಿನಗಳಲ್ಲಿ ಮಾಳಿಗೆಗಳು ಕೆಂಪಾಗುತ್ತವೆ. ಹೊಲದಿಂದ ಬಂದ ಮೆಣಸಿನಕಾಯಿ ಒಣಗಿ, ತೊಟ್ಟು ಬಿಡಿಸಿಕೊಂಡು, ವರ್ಷದ ಮಸಾಲೆಖಾರವಾಗಬೇಕು. ಕೊತ್ತಂಬರಿ ಬೀಜ, ಜೀರಿಗೆ ಹುರಿಯುವ ವಾಸನೆಗೆ ಓಣಿಯೆಲ್ಲ ಸೀನುತ್ತದೆ. ಮಾನ್ವಿಯದು ಬೇರೆ ಚಹರೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿದ್ದರೆ ಎರಡನೇ ಬೆಳೆಯ ಭತ್ತ ಹಸಿರಾಗಿ ನಿಂತಿರುತ್ತದೆ, ಗದ್ದೆಯ ತುಂಬ ಬೆಳ್ಳಕ್ಕಿ. ಮನೆಯ ಪಕ್ಕದ ತೇವದಲ್ಲಿ ಪುಂಡಿಸೊಪ್ಪು ತಾನಾಗಿ ಕೊಬ್ಬುತ್ತದೆ.

ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ದಾಳಿಂಬೆ ಗಿಡದ ಸೂರಕ್ಕಿಯ ಮೇಲೆ. ಗೂಡು ಕಟ್ಟುವವಳು ಹೆಣ್ಣೇ. ಒಣ ನಾರು, ತೊಗಟೆಯ ಚೂರುಗಳನ್ನು ಜೇಡರ ಬಲೆಯಿಂದ ಅಂಟಿಸಿ, ಟೊಂಗೆಯ ತುದಿಗೆ ಚೀಲದಂತೆ ಇಳಿಬಿಡುತ್ತಾಳೆ. ಬಾಗಿಲ ಮೇಲೆ ಬಿಸಿಲು ತಡೆಯುವ ಪುಟ್ಟ ಚಪ್ಪರ ಬೇರೆ! ಒಳಗೆ ಹಾಸಲು ಅರಳೆ ಬೇಕು. ರಾಯಚೂರು ಹತ್ತಿಯ ದೊಡ್ಡ ಮಾರುಕಟ್ಟೆ, ಗಾಡಿಗಳಿಂದ ಉದುರಿದ ಎಳೆಗಳು ಬೇಲಿಗೆ ಸಿಕ್ಕಿಕೊಂಡಿರುತ್ತವೆ. ಅವಳು ಅವನ್ನೇ ಒಂದೊಂದಾಗಿ ಕಿತ್ತು ಒಯ್ಯುವುದನ್ನು ನೋಡಿದ್ದೇನೆ. ಆ ಗಿಡದ ಟೊಂಗೆ ಕಡಿಯಬೇಕೆಂದು ಯಾರಾದರೂ ಬಂದರೆ ಮರಿ ಹಾರುವ ತನಕ ನಾನು ಒಪ್ಪುವವಳಲ್ಲ. ಮಧ್ಯಾಹ್ನ ಎಲ್ಲ ಹಕ್ಕಿಗಳು ಸುಮ್ಮನಾದರೂ ಕಂಚುಕುಟಿಗ ಆಲದ ಮರದಲ್ಲಿ ಟುಕ್ ಟುಕ್ ಎಂದು ಬಡಿಯುತ್ತಲೇ ಇರುತ್ತದೆ. ಕೋಗಿಲೆಯೂ ಬಿಡುವುದಿಲ್ಲ, ಕೂಗುವವನು ಆ ಕರಿ ಗಂಡು.

ಉಗಾದಿಯ ಬೆಳಗ್ಗೆ ಈ ವಸಂತದ ರುಚಿಗಳೆಲ್ಲ ಒಂದು ಹೊಸ ಮಣ್ಣಿನ ಗಡಿಗೆಗೆ ಇಳಿಯುತ್ತವೆ. ನಮ್ಮ ಕಡೆ ಬೇವು ಎಂದರೆ ಕುಡಿಯುವಂಥದ್ದು: ಹುಣಸೆಹಣ್ಣಿನ ರಸ, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಕೊಬ್ಬರಿ, ಉತ್ತತ್ತಿ, ದ್ರಾಕ್ಷಿ, ಮೇಲೆ ಬೇವಿನ ಹೂ. ಗಡಿಗೆಯ ತಂಪಿಗೆ ಅದರ ರುಚಿ ಏರುತ್ತದೆ. ಮಕ್ಕಳು ಲೋಟ ಹಿಡಿದು ಎರಡನೇ ಸಲ ಬರುತ್ತಾರೆ. ಉಳಿದ ಹೂವನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡುತ್ತೇನೆ. ತುಪ್ಪದಲ್ಲಿ ಹುರಿದು ಬಿಸಿ ಅನ್ನಕ್ಕೆ ಕಲಸಿಕೊಳ್ಳಲು ಶ್ರಾವಣದ ತನಕ ಬರುತ್ತದೆ.