ಥರ್ಮೋಕೋಲ್ ವಿಮಾನಕ್ಕೂ ಒಂದು ಕಾನೂನು

ಡ್ರೋನ್ ಬಗ್ಗೆ ಸರ್ಕಾರ ಹೊಸ ಕರಡು ಬಿಟ್ರೆ ಸಾಕು, ನಮ್ಮ ಏರೋಮಾಡೆಲಿಂಗ್ ವಾಟ್ಸಾಪ್ ಗ್ರೂಪಲ್ಲಿ ಎರಡು ದಿನ ಜಾತ್ರೆ. "ಮುಗೀತು ಕಣ್ರೋ, ಎಲ್ಲಾ ಮಾರ್ಬಿಡಿ" ಅಂತ ಒಬ್ಬ. "ಯಾರ್ ಬಂದು ಹಿಡೀತಾರೆ, ಸುಮ್ನೆ ಹಾರ್ಸು ಗುರೂ" ಅಂತ ಇನ್ನೊಬ್ಬ. ಕರಡು ಓದಿದೋರು ಯಾರಪ್ಪಾ ಅಂದ್ರೆ ಗ್ರೂಪು ಗಪ್‌ಚುಪ್.

ನನಗೆ ಈ ಎರಡೂ ಮಾತು ಒಪ್ಪಿಗೆಯಿಲ್ಲ. ಹೆದರಿ ಬಿಡೋದೂ ಬೇಡ, ಕದ್ದು ಹಾರಿಸೋದೂ ಬೇಡ. ಕೂತು ಓದಿ, ಉತ್ತರ ಬರೀಬೇಕು.

ಸರ್ಕಾರದ ಆತಂಕ ಸುಳ್ಳಲ್ಲ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ನಿಂದ ಬಾಂಬ್ ಬಿತ್ತು. ಬೆಂಗಳೂರಲ್ಲಂತೂ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಅಂತ ಸುತ್ತ ರನ್‌ವೇಗಳು. ಆದ್ರೆ ತೊಂದ್ರೆ ಏನಂದ್ರೆ, ಪೈಲಟ್ ಒಳಗೆ ಕೂರದೆ ಹಾರೋದೆಲ್ಲ ಕಾನೂನಿನ ಲೆಕ್ಕದಲ್ಲಿ ಒಂದೇ ಜಾತಿ. ನಾವು ಭಾನುವಾರ ಹಾರಿಸೋ ಥರ್ಮೋಕೋಲ್ ವಿಮಾನವೂ ಅದೇ ಬಲೆಗೆ ಬೀಳುತ್ತೆ.

ಬರೆದ್ರೆ ಯಾರು ಕೇಳ್ತಾರೆ ಅನ್ನೋರು 2021ನ್ನೇ ನೋಡಿ. ಮಾರ್ಚ್‌ನಲ್ಲಿ ಬಂದ ನಿಯಮಗಳು ತುಂಬಾ ಬಿಗಿ ಅಂತ ಕಾಲೇಜುಗಳು, ಸ್ಟಾರ್ಟಪ್‌ಗಳು, ಬಳಸೋರು ಎಲ್ಲಾ ಆಕ್ಷೇಪ ಎತ್ತಿದ್ರು. ಜಮ್ಮು ದಾಳಿ ಆಗಿ ಇಪ್ಪತ್ತು ದಿನದೊಳಗೇ ಸಡಿಲವಾದ ಹೊಸ ಕರಡು ಬಂತು. ಅಭಿಪ್ರಾಯ ಹೇಳೋಕೆ ಆಗಸ್ಟ್ 5ರವರೆಗೆ ಟೈಮ್ ಕೊಟ್ರು. ಆಗಸ್ಟ್ 25ಕ್ಕೆ ನಿಯಮ ಜಾರಿ. ಇಪ್ಪತ್ತೈದು ಫಾರಂ ಇದ್ದಿದ್ದು ಐದಾಯ್ತು, ಎಪ್ಪತ್ತೆರಡು ಬಗೆಯ ಶುಲ್ಕ ನಾಲ್ಕಕ್ಕಿಳಿಯಿತು. 25 ಕೆಜಿ ಒಳಗಿನ, ಕಲಿಕೆಗೋ ಹವ್ಯಾಸಕ್ಕೋ ಕಣ್ಣಿಗೆ ಕಾಣೋವಷ್ಟು ದೂರದಲ್ಲೇ ಹಾರಿಸೋ ಮಾಡೆಲ್‌ಗಳಿಗೆ ಟೈಪ್ ಸರ್ಟಿಫಿಕೇಟ್ ಬೇಡ ಅಂತಾಯ್ತು.

ಬರೆಯೋದು ಹೇಗೆ ಅಂತ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಹೇಳಿಕೊಡಬೇಕಾ? "ಆ್ಯಪ್ ಸರಿ ಇಲ್ಲ" ಅಂತ ಬಗ್ ಹಾಕಿದ್ರೆ ಯಾರೂ ಮುಟ್ಟಲ್ಲ. ಯಾವ ಕಲಮು, ಅದರಿಂದ ಯಾರಿಗೆ ಏನು ತೊಂದ್ರೆ, ಬದಲಿಗೆ ಯಾವ ವಾಕ್ಯ ಇರಬೇಕು, ಈ ಮೂರು ಬರೀರಿ. ನಿಮ್ಮ ವಿಮಾನದ ತೂಕ, ಎಷ್ಟು ಎತ್ತರ ಹೋಗುತ್ತೆ, ಸಿಗ್ನಲ್ ಕಟ್ಟಾದ್ರೆ ಏನು ಮಾಡ್ತೀರಿ ಅಂತ ಹೇಳಿ. ಎಲ್ಲರೂ ಒಂದೇ ಕಾಪಿ-ಪೇಸ್ಟ್ ಮೇಲ್ ಕಳಿಸಬೇಡಿ. ಬೈಗುಳವಂತೂ ಬೇಡವೇ ಬೇಡ.

ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಅಕ್ಕನ ಮಗ ಇದಾನೆ, ಎಂಟನೇ ಕ್ಲಾಸು. ಟೀವಿ ಡಬ್ಬದ ಥರ್ಮೋಕೋಲ್ ಕೊರೆದು, ನಾನು ಎಸ್‌ಪಿ ರೋಡಿಂದ ಒಯ್ದ ಮೋಟರ್ ಕೂರಿಸಿ, ಒಣಗಿದ ಕೆರೆಯಂಗಳದಲ್ಲಿ ಹಾರಿಸ್ತಾನೆ. "ಮಾಮ, ಇದಕ್ಕೂ ಲೈಸೆನ್ಸ್ ಬೇಕಾ?" ಅಂದ. 2 ಕೆಜಿ ಒಳಗೆ, ದುಡ್ಡಿಗಲ್ಲದೆ ಹಾರಿಸೋಕೆ 2021ರ ನಿಯಮದಲ್ಲಿ ಪೈಲಟ್ ಲೈಸೆನ್ಸ್ ಬೇಕಿಲ್ಲ ಅಂದೆ. ಅವನಿಗೆ ದಿಲ್ಲಿಯ ಕರಡು ಓದೋಕಾಗಲ್ಲ, ಓದಿದ್ರೂ ಆ ಇಂಗ್ಲಿಷ್ ತಲೆಗೆ ಹತ್ತಲ್ಲ. ನಮಗೆ ಎರಡೂ ಆಗುತ್ತೆ.

2025ರ ಸೆಪ್ಟೆಂಬರ್‌ನಲ್ಲಿ ಡ್ರೋನ್ ಮಸೂದೆಯ ಕರಡು ಬಂದಾಗ ಅದರಲ್ಲಿ ಜೈಲಿನ ಮಾತೂ ಇತ್ತು, ಅಭಿಪ್ರಾಯಕ್ಕೆ ಮೊದಲು ಕೊಟ್ಟ ಗಡುವು ಎರಡೇ ವಾರ. ಅದರಲ್ಲಿ ಎರಡು ದಿನ ವಾಟ್ಸಾಪ್‌ನಲ್ಲಿ ಕೂಗಾಡೋಕೇ ಹೋಗುತ್ತೆ. ಮುಂದಿನ ಸಲ ಆ ಎರಡು ದಿನ ಓದೋಕಿರಲಿ. ಆಮೇಲೆ ಒಂದು ಕಲಮು ಹಿಡಿದು, ಎರಡು ಪುಟ ಬರೆದು, ಗಡುವಿನೊಳಗೆ ಕಳಿಸಿ.