ಕಡೆದ ಗೊಂಬೆ

ಕನ್ನಡದಲ್ಲಿ ಮೊಸರನ್ನೂ ಕಡೆಯುತ್ತಾರೆ, ಮರವನ್ನೂ ಕಡೆಯುತ್ತಾರೆ. ಎರಡಕ್ಕೂ ಒಂದೇ ಮಾತು ಒದಗಿದುದು ಬರಿಯ ಆಕಸ್ಮಿಕವೆನಿಸದು. ಕಡೆಗೋಲಿಗೆ ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದರೆ ಬೆಣ್ಣೆ ಏಳುತ್ತದೆ. ತಿರುಗುವ ಮರದ ತುಂಡಿಗೆ ಉಳಿ ಹಿಡಿದರೆ ಗೊಂಬೆ ಏಳುತ್ತದೆ. ಹೊಯ್ಸಳರ ಗುಡಿಗಳ ನುಣುಪಾದ ಕಂಬಗಳನ್ನು ಕಡೆದ ಕಂಬಗಳೆನ್ನುವಾಗ ಕಲ್ಲಿಗೂ ಅದೇ ಕ್ರಿಯಾಪದ ಸಲ್ಲುತ್ತದೆ.

ನೀಲಗಿರಿಯ ಇತ್ತಲಾರ್‌ನಂಥ ಬಡಗರ ಹಟ್ಟಿಯಿಂದ ಬಂದವರಿಗೆ ಮೊದಲ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಎಮ್ಮೆಗಳೊಡನೆ ಬಾಳಿದ ಆ ಸಮುದಾಯದ ಹಳೆಯ ಮನೆಗಳಲ್ಲಿ ಹಾಲು ಮೊಸರಿಗೆಂದೇ ಬೇರೊಂದು ಒಳಕೋಣೆಯಿತ್ತು. ಈಗ ಹಟ್ಟಿಯ ಸುತ್ತ ಚಹಾದ ಹಸುರು. ಎರಡನೆಯ ಅರ್ಥವನ್ನು ಕಣ್ಣಾರೆ ಕಾಣಬೇಕಾದರೆ ಬೆಟ್ಟವಿಳಿದು, ಮೈಸೂರು ದಾಟಿ, ಚನ್ನಪಟ್ಟಣದವರೆಗೆ ಬರಬೇಕು.

ಅಲ್ಲಿ ಬಳಕೆಯಾಗುವುದು ಆಲೆ ಮರ: ಹಗುರ, ದಂತದಂತೆ ಬಿಳುಪು, ನುಣ್ಣನೆಯ ಎಳೆ. ಒಣಗಿಸಿದ ತುಂಡನ್ನು ತಿರುಗಣೆಗೆ ಸಿಕ್ಕಿಸಿ ಉಳಿಯಿಂದ ರೂಪ ಬಿಡಿಸುತ್ತಾರೆ. ಹಿಂದೆ ಕುಶಲಕರ್ಮಿ ನೆಲದ ಮೇಲೆ ಕುಳಿತು ಒಂದು ಕೈಯಿಂದ ಬಿಲ್ಲೆಳೆಯುತ್ತ ಇನ್ನೊಂದರಿಂದ ಉಳಿಯಾಡಿಸುತ್ತಿದ್ದ. ಈಗ ಬಹುಮಟ್ಟಿಗೆ ವಿದ್ಯುತ್ತಿನ ಯಂತ್ರ. ಬಣ್ಣ ಹಾಕುವ ಬಗೆಯೇ ಸೋಜಿಗ. ಮೈಯ ಬಣ್ಣಕ್ಕೆ ಕುಂಚ ಬೇಕಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೊತ್ತಿದರೆ ಉಜ್ಜಿನ ಬಿಸಿಗೆ ಅರಗು ತಾನೇ ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ಎಲೆಗರಿಯನ್ನೊತ್ತಿದರೆ ಹೊಳಪು. ಒತ್ತು ಹೆಚ್ಚಾದರೆ ಅರಗು ಗಂಟುಗಟ್ಟುತ್ತದೆ, ಕಡಿಮೆಯಾದರೆ ಮರ ಇಣುಕುತ್ತದೆ. ಈ ಹದವನ್ನು ಯಂತ್ರ ಕಲಿತಿಲ್ಲ.

ಈ ಕಸುಬಿಗೆ ಜಪಾನಿನ ತಿಳಿವಳಿಕೆಯನ್ನು ತಂದವರೆಂದು ಊರು ನೆನೆಯುವುದು ಬಾವಾಸ್ ಮಿಯಾನ್ ಅವರನ್ನು. ಜಪಾನಿನಲ್ಲಿಯೂ ಕಡೆದ ಗೊಂಬೆಯೊಂದಿದೆ, ಅದರ ಹೆಸರು ಕೊಕೆಶಿ. ಈಶಾನ್ಯದ ತೊಹೊಕು ಸೀಮೆಯ ಬಿಸಿನೀರ ಬುಗ್ಗೆಗಳ ಊರುಗಳಲ್ಲಿ, ಬಟ್ಟಲು ತಟ್ಟೆಗಳನ್ನು ಕಡೆಯುತ್ತಿದ್ದವರು ಮೀಯಲು ಬಂದವರಿಗಾಗಿ ಅದನ್ನು ಮಾಡತೊಡಗಿದರು. ದುಂಡು ತಲೆ, ಉರುಳೆಯಂಥ ಮೈ, ಕೈಯಿಲ್ಲ, ಕಾಲಿಲ್ಲ. ನರುಕೊ ಊರಿನ ಗೊಂಬೆಯ ಕತ್ತು ತಿರುಗಿಸಿದರೆ ಕಿಯ್ಯೆಂದು ಉಲಿಯುತ್ತದೆ. ಅಲ್ಲಿಯೂ ಹಿಂದೆ ಒಬ್ಬರು ಹಗ್ಗವೆಳೆದರೆ ಇನ್ನೊಬ್ಬರು ಉಳಿ ಹಿಡಿಯುತ್ತಿದ್ದರು. ಕಡೆಗೋಲಿನ ನೆನಪು ಅಷ್ಟು ದೂರದಲ್ಲಿಯೂ!

ವ್ಯತ್ಯಾಸ ಬೇರೆಡೆಯಿದೆ. ಕೊಕೆಶಿಯ ಕಣ್ಣು ಮೂಗುಗಳನ್ನು ಕುಂಚದ ನಾಲ್ಕಾರು ಗೆರೆಗಳಲ್ಲಿ ಮೂಡಿಸುತ್ತಾರೆ. ಆ ಗೆರೆ ನೋಡಿಯೇ ಬಲ್ಲವರು ಊರನ್ನು, ಎಷ್ಟೋ ವೇಳೆ ಮನೆತನವನ್ನು ಗುರುತಿಸುತ್ತಾರೆ. ಮಾಡಿದವನು ತಳದಲ್ಲಿ ತನ್ನ ಹೆಸರು ಬರೆಯುವುದು ಅಲ್ಲಿ ರೂಢಿ. ಸಂಗ್ರಾಹಕನು ಕೊಳ್ಳುವುದು ಗೊಂಬೆಯ ಜೊತೆಗೆ ಆ ಕೈಯನ್ನೂ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಬೇರೆ ಕಡೆ ಮಾಡಿದ್ದಕ್ಕೆ ಈ ಊರಿನ ಹೆಸರಿಡುವಂತಿಲ್ಲ. ಒಳ್ಳೆಯದೇ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಹೊಡೆತ ತಿಂದ ಕಸುಬಿಗೆ ಅಷ್ಟು ಬೇಲಿಯಾದರೂ ಬೇಕಿತ್ತು. ಆದರೆ ಆ ಬೇಲಿ ಕಾಯುವುದು ಊರಿನ ಹೆಸರನ್ನು ಮಾತ್ರ. ಅರಗಿನ ಹದವನ್ನು ಬೆರಳಿನಲ್ಲಿಟ್ಟುಕೊಂಡವರಿಗೆ, ಅವರಲ್ಲಿ ಹೆಂಗಸರೂ ಅನೇಕರು, ಹೆಸರಿಲ್ಲ. ಹೆಸರಿಲ್ಲದ ಕೆಲಸಕ್ಕೆ ಬೆಲೆ ಕಟ್ಟುವವನು ಮಾಡಿದವನಲ್ಲ, ಮಾರುವವನು. ಮಕ್ಕಳು ಇದೇ ಕಸುಬಿಗೆ ಬರಲೆಂದು ಯಾವ ತಾಯಿ ತಾನೆ ಹರಸಿಯಾಳು?

ಅಂಗಡಿಯ ಸಾಲಿನಿಂದ ಒಂದು ಗೊಂಬೆಯನ್ನೆತ್ತಿ ತಲೆಕೆಳಗು ಮಾಡಿದರೆ ತಳದಲ್ಲಿ ಸಾಮಾನ್ಯವಾಗಿ ಕಾಣುವುದು ಬೆಲೆಯ ಚೀಟಿ.