ಮಾತು ಮುಂದೆ, ತುಟಿ ಹಿಂದೆ

ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಒಳಗೆ ಬನ್ನಿ. ಚಿಮ್ಮಡದಲ್ಲಿ ರಾತ್ರಿ ಎಂಟಾಗಿದೆ. ಹೊರಗೆ ಎರಡು ಟ್ರೇಲಿ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಗುತ್ತಿದೆ; ಅದು ತಿರುವು ದಾಟುವವರೆಗೆ ಪಡಸಾಲೆಯಲ್ಲಿ ಯಾರ ಮಾತೂ ಕೇಳಿಸದು. ಟಿವಿಯಲ್ಲಿ ಯೂಟ್ಯೂಬಿನ ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣ ರಂಗಕ್ಕೆ ತಂದ ಈ ಆಟವನ್ನು ಕಾಕಾ ಬಯಲಲ್ಲಿ ಕಂಬಳಿ ಹಾಸಿಕೊಂಡು ಬೆಳತನಕ ನೋಡಿದವರು. ಈಗ ಮೊಣಕಾಲು ಒಪ್ಪುವುದಿಲ್ಲ.

ಸತ್ಯಭಾಮೆ ಸಿಟ್ಟಾಗಿದ್ದಾಳೆ. ಮಾತು ಮುಗಿದೇ ಹೋಯಿತು, ತುಟಿ ಈಗ ಅಲುಗುತ್ತಿದೆ. ಕೈ ಎತ್ತಿದಳು, ನಿಂತಳು, ಒಮ್ಮೆಲೇ ರಂಗದ ಆಚೆ ತುದಿಯಲ್ಲಿದ್ದಾಳೆ.

“ನೆಟ್ ಸ್ಲೋ ಐತಿ ತಮ್ಮಾ. ನಾಳೆ ಬ್ಯಾರೆ ಕನೆಕ್ಷನ್ ಹಾಕಸೂದ,” ಅಂದರು ಕಾಕಾ.

“ಒಂದೀಟ ತಡೀರಿ ಕಾಕಾ.”

ನನಗೆ ಅನುಮಾನ. ನೆಟ್ ಸಾಲದಿದ್ದರೆ ನಡುವೆ ಚಕ್ರ ತಿರುಗಬೇಕು, ಧ್ವನಿಯೂ ನಿಲ್ಲಬೇಕು. ಇಲ್ಲಿ ಹಾರ್ಮೋನಿಯಂ ಒಂದು ಕ್ಷಣವೂ ತಪ್ಪಿಲ್ಲ. ಮೊದಲು ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದೆ. ರಿಮೋಟಿನಿಂದ ಆರಿಸಿದರೆ ಟಿವಿ ಪೂರ್ತಿ ಆರುವುದಿಲ್ಲ, ಬರೀ ಮಲಗಿರುತ್ತದೆ. ಐದು ನಿಮಿಷ ಚೆನ್ನಾಗಿ ಬಂತು. ಮತ್ತೆ ಅದೇ ತಡವರಿಕೆ.

ಆಗ ಸೆಟ್ಟಿಂಗಿನೊಳಗಿನ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದೆ. ಪರದೆಯ ಮೂಲೆಯಲ್ಲಿ ಅಂಕಿಗಳು. ‘ಬಫರ್ ಹೆಲ್ತ್’ 40 ಸೆಕೆಂಡು: ಮುಂದಿನ 40 ಸೆಕೆಂಡಿನ ಆಟ ಆಗಲೇ ಮನೆಗೆ ಬಂದು ಕೂತಿದೆ. ಆದರೆ ‘ಡ್ರಾಪ್ಡ್ ಫ್ರೇಮ್ಸ್’ ಏರುತ್ತಲೇ ಇದೆ. ಅಂದರೆ ನೆಟ್ ಕೊಟ್ಟಿದೆ, ಬಿಚ್ಚಿ ತೋರಿಸಲು ಈ ಹಳೆಯ ಟಿವಿಗೆ ಆಗುತ್ತಿಲ್ಲ. ಆಟವನ್ನು ಯಾರೋ ಪುಣ್ಯಾತ್ಮರು 1080ರ ಗುಣಮಟ್ಟದಲ್ಲಿ, ಸೆಕೆಂಡಿಗೆ 60 ಚಿತ್ರದಂತೆ ಚಿತ್ರೀಕರಿಸಿದ್ದಾರೆ. ಒಂದೊಂದು ಚಿತ್ರದಲ್ಲೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಬಿಡಿಸಲಾಗದೆ ಟಿವಿ ನಡುನಡುವೆ ಚಿತ್ರ ಬಿಟ್ಟುಬಿಡುತ್ತದೆ. ಹಗುರವಾದ ಧ್ವನಿ ಮುಂದೆ ಓಡುತ್ತದೆ.

ಗುಣಮಟ್ಟ 480ಕ್ಕೆ ಇಳಿಸಿದೆ. ಚುಕ್ಕಿಗಳು ಐದರಲ್ಲಿ ಒಂದು ಪಾಲಾದವು. 720ಕ್ಕಿಂತ ಕೆಳಗೆ ಯೂಟ್ಯೂಬ್ ಸೆಕೆಂಡಿಗೆ 30 ಚಿತ್ರವನ್ನೇ ಕೊಡುವುದರಿಂದ ಅದೂ ಅರ್ಧವಾಯಿತು. ಹತ್ತು ಪಾಲಿನ ದುಡಿಮೆ ಒಂದು ಪಾಲಿಗೆ ಬಂತು. ಏರುತ್ತಿದ್ದ ಅಂಕಿ ನಿಂತಿತು.

“ಮಾರಿ ಒಂಚೂರು ಮಸುಕ ಆತು,” ಅಂದ ಕಾಕಾ ಕುರ್ಚಿ ಮುಂದಕ್ಕೆಳೆದುಕೊಂಡರು. “ಇರ್ಲಿ ಬಿಡು, ಮಾತು ಬಾಯಾಗ ಕೂತಾವು.”

ಒಳಕೋಣೆಯಲ್ಲಿ ಮೊಮ್ಮಗನ ಮೊಬೈಲಿನ ಕ್ರಿಕೆಟ್ಟಿಗೆ ಮಾತ್ರ ನಿಜಕ್ಕೂ ಚಕ್ರ ಸುತ್ತುತ್ತಿತ್ತು. ರೂಟರ್ ಪಡಸಾಲೆಯ ಕಬ್ಬಿಣದ ತಿಜೋರಿಯ ಹಿಂದೆ, ನಡುವೆ ದಪ್ಪ ಮಣ್ಣಿನ ಗೋಡೆ. 5 ಗಿಗಾಹರ್ಟ್ಜ್ ವೈಫೈ ವೇಗದ್ದೇ ಹೌದು, ಆದರೆ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ಅಲ್ಲಿ 2.4 ಮೇಲು. ರೂಟರನ್ನು ಬಾಗಿಲ ಮೇಲಿನ ಹಲಗೆಗೆ ಏರಿಸಿದೆವು, ಸರಿಹೋಯಿತು.

ನಿಮ್ಮ ಮನೆಯ ಹಿರಿಯರೂ ಹೀಗೆ ತಡವರಿಸುವ ಚಿತ್ರ ನೋಡುತ್ತ ಕೂತಿದ್ದರೆ, ಹೊಸ ಕನೆಕ್ಷನ್ನಿಗೆ ದುಡ್ಡು ಕಟ್ಟುವ ಮೊದಲು ಹತ್ತು ನಿಮಿಷ ಅವರ ಪಕ್ಕ ಕೂತು ನೋಡಿ: ಚಕ್ರ ತಿರುಗುತ್ತಿದೆಯೋ, ತುಟಿ ತಪ್ಪುತ್ತಿದೆಯೋ.